ಬೆಂಕಿಗೆ ಮಣ್ಣು, ಹೊಗೆಗೆ ಮರ

ತಂಬಾಕಿನ ಪೈಪನ್ನು ತಾವೇ ಕೆತ್ತಿಕೊಳ್ಳಬೇಕೆನ್ನುವವರು ಮೊದಲು ಕೇಳುವುದು ಯಾವ ಮರ ತಡೆಯುತ್ತದೆ ಎಂದು. ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ನಾಲ್ಕು ಶತಮಾನಗಳ ಹಿನ್ನೆಲೆಯಿದೆ. 1604ರ ಸುಮಾರಿಗೆ, ಎರಡನೇ ಇಬ್ರಾಹಿಂ ಆದಿಲ್‌ಶಹನ ಕಾಲದಲ್ಲಿ, ಅಕ್ಬರ ಕಳಿಸಿದ ಅಸದ್ ಬೇಗ್ ವಿಜಾಪುರದಲ್ಲಿ ತಂಬಾಕು ಕಂಡ. ಅದನ್ನು ಆಗ್ರಾಕ್ಕೆ ಒಯ್ಯುವಾಗ ಒಂದು ಸೇದುವ ಕೊಳವೆಯನ್ನೂ ಮಾಡಿಸಿದ. ವಿವರ ಅವನೇ ಬರೆದಿಟ್ಟಿದ್ದಾನೆ. ಸುಮಾತ್ರಾದ ಅಚೆಯಿಂದ ಬಂದ ಮೂರು ಮೊಳದ ಕೊಳವೆ, ಚೆನ್ನಾಗಿ ಒಣಗಿಸಿ ಬಣ್ಣ ಕೊಟ್ಟದ್ದು, ಎರಡೂ ತುದಿಗೆ ರತ್ನ ಮತ್ತು ಮೀನಾಕೆಲಸ, ಬಾಯಿಗೆ ಯೆಮೆನ್ನಿನ ಅಕೀಕು. ರತ್ನಕ್ಕಿಂತ ಒಣಗಿಸಿದ ಮಾತೇ ಕೆತ್ತುವವನಿಗೆ ಮುಖ್ಯ. 1617ರಲ್ಲಿ ಜಹಾಂಗೀರ ನಿಷೇಧಿಸಿದರೂ ಚಟ ನಿಲ್ಲಲಿಲ್ಲ.

ದಖ್ಖಣದಲ್ಲಿ ಗುಡುಗುಡಿ ಬೆಳೆಯಿತು. ಬೀದರಿನ ಕುಶಲಕರ್ಮಿಗಳು ಸತುವು, ತಾಮ್ರದ ಎರಕದ ಮೇಲೆ ಬೆಳ್ಳಿ ಕೂರಿಸಿ ನೀರಿನ ಬುಡ ಮಾಡಿದರು. ಕೆಂಡ ಮಾತ್ರ ಮೇಲಿನ ಮಣ್ಣಿನ ಚಿಲುಮೆಯಲ್ಲೇ ಉಳಿಯಿತು. ಬಡವರಿಗೆ ಆ ಚಿಲುಮೆಯೇ ಎಲ್ಲ: ಒಳಗೊಂದು ಹರಳು, ಕೆಳತುದಿಗೆ ಒದ್ದೆ ಬಟ್ಟೆ, ಅಂಗೈ ಮಡಿಚಿ ಎಳೆದ ಒಂದು ದಮ್ಮು. ಬೆಂಕಿಯನ್ನು ಮರದಿಂದ ದೂರವಿಟ್ಟ ಈ ಪದ್ಧತಿ ನನಗೆ ಬಹಳ ವಿವೇಕದ್ದಾಗಿ ಕಾಣುತ್ತದೆ.

ಯುರೋಪಿನವರೂ ಬಹುಕಾಲ ಮಣ್ಣಿನ ಪೈಪನ್ನೇ ಸೇದಿದರು. ಹತ್ತೊಂಬತ್ತನೇ ಶತಮಾನದ ನಡುವೆ ಫ್ರಾನ್ಸಿನ ಸೇಂಟ್ ಕ್ಲೋಡ್ ಪಟ್ಟಣದಲ್ಲಿ ಬ್ರಯರ್ ಬಳಕೆಗೆ ಬಂತು. ಮೆಡಿಟರೇನಿಯನ್ ಸೀಮೆಯ ಈ ಪೊದೆಯ ಕಾಂಡ ಬೇಕಿಲ್ಲ. ಬೇರು, ಕಾಂಡ ಕೂಡುವಲ್ಲಿ ಊದಿಕೊಳ್ಳುವ ಗಡ್ಡೆ ಬೇಕು. ಅದರ ಎಳೆಗಳು ಹೆಣೆದುಕೊಂಡಿರುವುದರಿಂದ ಕಾವಿಗೆ ಬೇಗ ಸೀಳುವುದಿಲ್ಲ. ತುಂಡುಗಳನ್ನು ಗಂಟೆಗಟ್ಟಲೆ ಕುದಿಸಿ ರಸ ತೆಗೆದು, ತಿಂಗಳುಗಟ್ಟಲೆ ಒಣಗಿಸಿದ ಮೇಲೆಯೇ ಉಳಿ ಮುಟ್ಟಿಸುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಬ್ರಯರ್ ಸಿಗದಾದಾಗ ಅಮೆರಿಕದವರು ಮೌಂಟನ್ ಲಾರೆಲ್ ಪೊದೆಯ ಗಡ್ಡೆ ಬಳಸಿದರು. ಮಿಸೌರಿಯಲ್ಲಂತೂ ಹತ್ತೊಂಬತ್ತನೇ ಶತಮಾನದಲ್ಲೇ ಗೋವಿನಜೋಳದ ದಿಂಡು ಕೊರೆದು ಪೈಪು ಮಾಡುತ್ತಿದ್ದರು.

ಇತ್ತ ಮಲಪ್ರಭೆಯ ದಂಡೆಯ ಮನೋಳಿಯಲ್ಲಿ ಕೈಗೆ ಸಿಗುವುದು ಕರಿಜಾಲಿ. ಚಕ್ಕಡಿಯ ಗಾಲಿ, ಕುಂಟಿ, ಕೂರಿಗೆಗೆ ಬಡಿಗೇರರು ನೆಚ್ಚಿದ ಮರ. ಹೊರಗಿನ ಬಿಳಿ ಪದರಕ್ಕೆ ಹುಳು ಬೀಳುತ್ತದೆ. ಒಳಗಿನ ಕೆಂಪು ಚೇಗು ಕಬ್ಬಿಣದಂತೆ ಗಟ್ಟಿ. ಆದರೆ ಒಲೆಗೆ ಒಳ್ಳೆಯ ಕಟ್ಟಿಗೆಯೂ ಇದೇ, ಕೆಂಡ ತುಂಬುವ ಬುರುಡೆಗೆ ಇದನ್ನು ನಂಬುವಂತಿಲ್ಲ. ಚನ್ನಪಟ್ಟಣದ ಆಟಿಕೆಯ ಆಲೆ ಮರ, ಗೋಕಾಕದ ಗೊಂಬೆಯ ಹಗುರ ಮರ ಬಣ್ಣಕ್ಕೆ ಹೇಳಿಮಾಡಿಸಿದ್ದು, ಬೆಂಕಿಗಲ್ಲ. ಬೀಟೆ ಚೆಂದ; ಅದರ ಪುಡಿ ಕೆಲವರ ಚರ್ಮಕ್ಕೆ, ಉಸಿರಿಗೆ ಆಗಿಬರುವುದಿಲ್ಲ. ಕಣಗಿಲ ವಿಷ, ಕೇರಿನ ಸೊನೆ ತಾಗಿದರೆ ಬೊಕ್ಕೆ ಏಳುತ್ತದೆ. ಇವೆರಡರ ತಂಟೆಗೇ ಹೋಗಬಾರದು. ಬಣ್ಣ, ವಾರ್ನಿಶ್ ಕುಡಿದ ಹಳೆ ಹಲಗೆಯೂ ಬೇಡ.

ಕೆತ್ತುವ ಹುಮ್ಮಸ್ಸಿದ್ದವರು ಬುರುಡೆಯನ್ನು ಕುಂಬಾರರ ಹತ್ತಿರ ಮಣ್ಣಿನಲ್ಲೇ ಮಾಡಿಸಿ, ಕೊಳವೆಯನ್ನಷ್ಟೇ ನೆರಳಲ್ಲಿ ಪೂರ್ತಿ ಒಣಗಿದ ಜಾಲಿಯ ಚೇಗಿನಲ್ಲಿ ಕೊರೆಯಲಿ. ತಂಬಾಕು ಜೀವಕ್ಕೆ ಕೇಡು. ಕೆತ್ತಿದ್ದನ್ನು ಸೇದದೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.