ಸೋರಿದ ನಿಯಮ, ಉಳಿದ ಆಟ

ಚೌಕಾಬಾರದ ನಿಯಮಗಳನ್ನು ಯಾರೂ ಮುಚ್ಚಿಟ್ಟವರಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಎಳೆದು, ಕವಡೆ ಹಾಕಿ, ಆಡುತ್ತ ಆಡುತ್ತಲೇ ಕಲಿತವರು ನಾವು. ಪಕ್ಕದ ಮನೆಯಲ್ಲಿ ನಿಯಮ ಸ್ವಲ್ಪ ಬೇರೆಯಾಗಿದ್ದರೆ ಒಂದಿಷ್ಟು ಜಗಳವಾಡಿ, ಆಮೇಲೆ ಒಪ್ಪಿಕೊಂಡು ಆಡುತ್ತಿದ್ದೆವು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಮೆಚ್ಚಿನ ಮಣೆಯಾಟಗಳ ಚಿತ್ರಗಳಿವೆ. ಹೋದವರೆಲ್ಲ ನೋಡಬಹುದು. ಆದರೆ ಆಟವೊಂದು ಮಾರಾಟದ ಸರಕಾದ ಮೇಲೆ ಅದರ ನಿಯಮ ಕಂಪನಿಯ ಗುಟ್ಟಾಗುತ್ತದೆ. ಗುಟ್ಟಾದದ್ದು ಒಂದಲ್ಲ ಒಂದು ದಿನ ಸೋರುತ್ತದೆ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದ ಐವತ್ತು ವರ್ಷಗಳ ಚರಿತ್ರೆಯನ್ನು ಈ ಸೋರಿಕೆಗಳ ದಾರಿಯಲ್ಲೇ ಹೇಳಬಹುದು.

ಈ ಆಟ ಗೊತ್ತಿಲ್ಲದವರಿಗೆ ನಾನು ತಾಳಮದ್ದಳೆಯ ಹೋಲಿಕೆ ಕೊಡುತ್ತೇನೆ. ನಾಲ್ಕೈದು ಜನ ಸುತ್ತ ಕೂರುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ. ಒಬ್ಬೊಬ್ಬರದು ಒಂದೊಂದು ಪಾತ್ರ, ಮಾತು ಆ ಕ್ಷಣಕ್ಕೆ ಹುಟ್ಟಿದ್ದು. ಭಾಗವತರ ಜಾಗದಲ್ಲಿ ಕಥೆ ನಡೆಸುವವನೊಬ್ಬ ಇರುತ್ತಾನೆ. ವ್ಯತ್ಯಾಸವೆಂದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿಲ್ಲ, ಗೆಲುವು ಸೋಲನ್ನು ದಾಳ ತೀರ್ಮಾನಿಸುತ್ತದೆ. ದಾಳ ಬಿದ್ದಾಗ ಏನಾಗಬೇಕು ಎಂದು ಹೇಳುವ ನಿಯಮಗಳು ದಪ್ಪ ದಪ್ಪ ಪುಸ್ತಕಗಳಲ್ಲಿರುತ್ತವೆ. ಕೆಲವು ವರ್ಷಗಳಿಗೊಮ್ಮೆ ಆ ಪುಸ್ತಕಗಳ ಹೊಸ ಆವೃತ್ತಿ ಬರುತ್ತದೆ. ಬರುವ ಮೊದಲು ಅದನ್ನು ಯಾರಾದರೂ ಆಡಿ ನೋಡಬೇಕು. ಇದಕ್ಕೆ ಪ್ಲೇಟೆಸ್ಟಿಂಗ್ ಎನ್ನುತ್ತಾರೆ.

ಮೊದಲ ಪರೀಕ್ಷೆಯಲ್ಲಿ ಗುಟ್ಟಿನ ಮಾತೇ ಇರಲಿಲ್ಲ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಗೆಳೆಯ ಡೇವ್ ಆರ್ನೆಸನ್ ಆಡಿಸುತ್ತಿದ್ದ ಆಟವನ್ನು ಕಂಡು ಸುಮಾರು 50 ಪುಟಗಳ ಕರಡು ಸಿದ್ಧಮಾಡಿ ಪರಿಚಯದ ಆಟಗಾರರಿಗೆ ಕಳಿಸಿದರು. 1973ರಲ್ಲಿ ಆ ಕರಡು ಕೈಯಿಂದ ಕೈಗೆ ಹೋಯಿತು, ಪ್ರತಿಯ ಪ್ರತಿಯಾಯಿತು. ಇಂದಾದರೆ ಅದನ್ನು ಸೋರಿಕೆ ಎನ್ನುತ್ತಿದ್ದರು. ಅಂದು ಆಟ ಹರಡಿದ್ದೇ ಹಾಗೆ. 1974ರಲ್ಲಿ ಪುಸ್ತಕ ಅಚ್ಚಾದಾಗ ಮೊದಲ ಮುದ್ರಣ 1,000 ಪ್ರತಿ.

ಮುಂದೆ ಗುಟ್ಟು ಏಕೆ ಬೇಕಾಯಿತು? ಒಂದು ಕಾರಣ ಕಾನೂನಿನಲ್ಲಿದೆ. ಅಮೆರಿಕದ ಹಕ್ಕುಸ್ವಾಮ್ಯ ಕಾನೂನು ನಿಯಮವನ್ನು ಬರೆದ ವಾಕ್ಯಗಳಿಗೆ ರಕ್ಷಣೆ ಕೊಡುತ್ತದೆ, ಆಡುವ ವಿಧಾನಕ್ಕೆ ಕೊಡುವುದಿಲ್ಲ. 'ಇಪ್ಪತ್ತು ಮುಖದ ದಾಳ ಹಾಕಿ, ಬಂದದ್ದಕ್ಕೆ ಇಷ್ಟು ಕೂಡಿಸು' ಎಂಬುದನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ಬರೆದುಕೊಂಡರೆ ತಡೆಯುವುದು ಕಷ್ಟ. ಎರಡನೆಯ ಕಾರಣ ಅಂಗಡಿಯದು. ಹೊಸ ಆವೃತ್ತಿ ಬರುತ್ತಿದೆ ಎಂದು ಗೊತ್ತಾದ ದಿನದಿಂದ ಹಳೆಯ ಪುಸ್ತಕಗಳನ್ನು ಕೊಳ್ಳುವವರು ಹಿಂಜರಿಯುತ್ತಾರೆ. ಹೀಗಾಗಿ ಪರೀಕ್ಷಕರ ಮುಂದೆ ಗೋಪ್ಯತೆಯ ಕರಾರುಪತ್ರ ಬಂತು.

1997ರಲ್ಲಿ ಈ ಆಟವನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಕೊಂಡಿತು. ಮೂರನೆಯ ಆವೃತ್ತಿಯನ್ನು 1999ರಲ್ಲಿ ಘೋಷಿಸಿ 2000ದಲ್ಲಿ ಹೊರತಂದಿತು. ಪರೀಕ್ಷಕರು ಕರಾರಿಗೆ ಸಹಿ ಹಾಕಿದ್ದರು. ಆದರೂ ಆ ಒಂದು ವರ್ಷ ಅಭಿಮಾನಿಗಳು ಅಲ್ಲಿಂದ ಒಂದು ಮಾತು, ಇಲ್ಲಿಂದ ಒಂದು ಪುಟ ಎಂದು ತುಣುಕುಗಳನ್ನು ಕೂಡಿಸಿ ಆವೃತ್ತಿಯ ಆಕಾರವನ್ನು ಊಹಿಸುತ್ತಿದ್ದರು. ಅದರಿಂದ ಕುತೂಹಲ ಹೆಚ್ಚಿತೇ ಹೊರತು ಆಟ ಕೆಡಲಿಲ್ಲ. 2000ದಲ್ಲಿ ಕಂಪನಿ ಇನ್ನೊಂದು ದೊಡ್ಡ ಕೆಲಸ ಮಾಡಿತು. ಮುಖ್ಯ ನಿಯಮಗಳನ್ನು ಬಳಸಿಕೊಂಡು ಯಾರು ಬೇಕಾದರೂ ಪುಸ್ತಕ ಪ್ರಕಟಿಸಬಹುದು ಎಂಬ ಓಪನ್ ಗೇಮ್ ಲೈಸೆನ್ಸ್ ಕೊಟ್ಟಿತು. ಅದನ್ನು ನಂಬಿ ನೂರಾರು ಸಣ್ಣ ಪ್ರಕಾಶಕರು ಹುಟ್ಟಿಕೊಂಡರು.

ನಾಲ್ಕನೆಯ ಆವೃತ್ತಿಯಲ್ಲಿ ಬಾಗಿಲು ಬಿಗಿಯಾಯಿತು. 2007ರ ಆಗಸ್ಟ್‌ನಲ್ಲಿ ಘೋಷಣೆ, 2008ರ ಜೂನ್ 6ಕ್ಕೆ ಬಿಡುಗಡೆ. ಆದರೆ ಬಿಡುಗಡೆಗೆ ಮೊದಲೇ ಇಡೀ ಪುಸ್ತಕಗಳ ಕಡತಗಳು ಅಂತರ್ಜಾಲದಲ್ಲಿ ಹಂಚಿಹೋದವು. 2009ರ ಏಪ್ರಿಲ್‌ನಲ್ಲಿ ಇನ್ನೊಂದು ಪುಸ್ತಕಕ್ಕೂ ಹಾಗೆಯೇ ಆದಾಗ ಕಂಪನಿ ಕೆಲವರ ಮೇಲೆ ದಾವೆ ಹೂಡಿ, ತನ್ನ ಪುಸ್ತಕಗಳ ಪಿಡಿಎಫ್ ಮಾರಾಟವನ್ನೇ ನಿಲ್ಲಿಸಿತು. ಕಾಸು ಕೊಟ್ಟು ಕೊಳ್ಳುತ್ತಿದ್ದವರಿಗೂ ದಾರಿ ಮುಚ್ಚಿತು.

ಈ ಸೋರಿಕೆಗಿಂತ ದುಬಾರಿಯಾದದ್ದು ಗುಟ್ಟು. ಈ ಆಟದ ಎರಡು ಪತ್ರಿಕೆಗಳನ್ನು ಕಂಪನಿಯ ಪರವಾಗಿ ನಡೆಸುತ್ತಿದ್ದ ಪೈಜೊ ಎಂಬ ಪ್ರಕಾಶನ ಸಂಸ್ಥೆ, ಹೊಸ ಆವೃತ್ತಿಗೆ ಪರವಾನಗಿಯ ಷರತ್ತುಗಳೇನು ಎಂದು ತಿಳಿಯದೆ ಕಾಯುತ್ತ ಕೂತಿತ್ತು. ಕಾದು ಸಾಕಾಗಿ, 2008ರ ಮಾರ್ಚ್‌ನಲ್ಲಿ ಮೂರನೆಯ ಆವೃತ್ತಿಯ ಮುಕ್ತ ನಿಯಮಗಳನ್ನೇ ತಿದ್ದಿ 'ಪಾತ್‌ಫೈಂಡರ್' ಎಂಬ ತನ್ನದೇ ಆಟದ ಕರಡನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಆಡಿ ನೋಡಿ, ತಪ್ಪು ಹೇಳಿ ಎಂದಿತು. 2009ರ ಆಗಸ್ಟ್‌ನಲ್ಲಿ ಪುಸ್ತಕ ಬಂತು. ನಿನ್ನೆಯ ಜೊತೆಗಾರ ಇಂದಿನ ಎದುರಾಳಿಯಾದ. ಎಲ್ಲರಿಗೂ ಕೊಟ್ಟ ಕರಡು ಸೋರುವ ಪ್ರಶ್ನೆಯೇ ಇರಲಿಲ್ಲ.

ವಿಝರ್ಡ್ಸ್ ಕೂಡ ಈ ಪಾಠ ಕಲಿಯಿತು. ಐದನೆಯ ಆವೃತ್ತಿಗಾಗಿ 2012ರ ಮೇ ತಿಂಗಳಲ್ಲಿ ಸಾರ್ವಜನಿಕ ಪರೀಕ್ಷೆ ಶುರುಮಾಡಿತು. ಕಂಪನಿಯೇ ಹೇಳಿದಂತೆ 1,75,000ಕ್ಕೂ ಹೆಚ್ಚು ಜನ ಅದರಲ್ಲಿ ಸೇರಿದರು. 2014ರಲ್ಲಿ ಹೊರಬಂದ ಆ ಆವೃತ್ತಿಯಿಂದಲೇ ಆಟ ಜಗತ್ತಿನ ಮೂಲೆ ಮೂಲೆಗೆ ಹೋಯಿತು. ಡೊಂಬಿವಲಿಯ ಗೆಳೆಯರೊಬ್ಬರ ಮನೆಯಲ್ಲಿ ಭಾನುವಾರಗಳಂದು ಕನ್ನಡ, ತುಳು, ಮರಾಠಿ ಬೆರೆಸಿ ನಾವು ಆಡುವುದೂ ಅದನ್ನೇ.

ನನಗೆ ಈ ಚರಿತ್ರೆಯಲ್ಲಿ ಆಸಕ್ತಿ ಹುಟ್ಟಿದ್ದಕ್ಕೆ ನನ್ನ ಹೊಟ್ಟೆಪಾಡೂ ಕಾರಣ. ವಾಗ್ಳೆ ಎಸ್ಟೇಟ್‌ನಲ್ಲಿ ನಾನು ಮಾಡುವುದು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಹೊಸ ಪ್ರಾಜೆಕ್ಟ್ ಬಂದಾಗಲೆಲ್ಲ ಗೋಪ್ಯತೆಯ ಕರಾರಿಗೆ ಸಹಿ ಹಾಕಿ ಕೂರುವವರಲ್ಲಿ ನಾನೂ ಒಬ್ಬ. ಹಾಗಾಗಿ ಸೋರಿಕೆಯೆಲ್ಲ ಒಳ್ಳೆಯದು ಎಂದು ನಾನು ಹೇಳಲಾರೆ. 2017ರ ಆಗಸ್ಟ್‌ನಲ್ಲಿ 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಒಂದು ಕಂತು ಪ್ರಸಾರಕ್ಕೆ ಮೊದಲೇ ಭಾರತದಿಂದ ಸೋರಿದಾಗ ನಾಲ್ವರ ಬಂಧನವಾಯಿತು. ಇಲ್ಲಿನ ಆಫೀಸುಗಳಲ್ಲಿ ಕೂತವರಿಗೆ ಅದು ದೂರದ ಸುದ್ದಿಯಾಗಿ ಕಾಣಲಿಲ್ಲ. ಆದರೆ ನಮಗೆ ಪರೀಕ್ಷೆಗೆ ಸಂಬಳ ಬರುತ್ತದೆ. ಆಟದ ಪರೀಕ್ಷಕರಲ್ಲಿ ಹೆಚ್ಚಿನವರು ಪ್ರೀತಿಗಾಗಿ, ಪುಸ್ತಕದ ಕೊನೆಯಲ್ಲಿ ಹೆಸರು ಬಂದೀತೆಂಬ ಆಸೆಗಾಗಿ ರಾತ್ರಿ ರಾತ್ರಿ ಕೂತು ತಪ್ಪು ಹುಡುಕುತ್ತಾರೆ. ಅಂಥವರಿಂದ ಕೇಳುವ ಮೌನಕ್ಕೆ ಒಂದು ಮಿತಿ ಇರಬೇಕು.

ಆ ಮಿತಿ ಎಲ್ಲಿದೆ ಎಂದು ತೋರಿಸಿದ್ದು 2023ರ ಜನವರಿ. ಆ ತಿಂಗಳು ಸೋರಿದ್ದು ನಿಯಮವಲ್ಲ, ಕರಾರು. ಇಪ್ಪತ್ತೆರಡು ವರ್ಷಗಳ ಹಳೆಯ ಮುಕ್ತ ಪರವಾನಗಿಯನ್ನು ಬದಿಗಿಟ್ಟು, ವರ್ಷಕ್ಕೆ 7,50,000 ಡಾಲರ್ ಮೀರಿದ ವರಮಾನದ ಮೇಲೆ ಶೇಕಡಾ 25ರವರೆಗೆ ಪಾಲು ಕೇಳುವ ಹೊಸ ಷರತ್ತುಗಳ ಕರಡು ಪತ್ರಕರ್ತರ ಕೈಸೇರಿತು. ಲಿಂಡಾ ಕೊಡೆಗಾ ಅವರ ವರದಿ ಜನವರಿ 5ರಂದು ಬಂದಾಗ ಆಟಗಾರರು ಸಿಟ್ಟಾದರು, ಸಣ್ಣ ಪ್ರಕಾಶಕರು ದಿಕ್ಕೆಟ್ಟರು. ಕಂಪನಿ ಕರಡನ್ನು ತಿದ್ದಿ ಜನರ ಅಭಿಪ್ರಾಯ ಕೇಳಿತು. ಉತ್ತರ ಕೊಟ್ಟ 15,000ಕ್ಕೂ ಹೆಚ್ಚು ಜನರಲ್ಲಿ ಶೇಕಡಾ 88ರಷ್ಟು ಮಂದಿ ಆ ಪರವಾನಗಿಯಡಿ ಪ್ರಕಟಿಸಲು ಒಲ್ಲೆ ಎಂದರು. ಜನವರಿ 27ರಂದು ಕಂಪನಿ ಪೂರ್ತಿ ಹಿಂದೆ ಸರಿದು, ಐದನೆಯ ಆವೃತ್ತಿಯ ಮುಖ್ಯ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಕೊಟ್ಟಿತು. ಅವುಗಳನ್ನು ಈಗ ಯಾರೂ ವಾಪಸು ಪಡೆಯುವಂತಿಲ್ಲ. ಕನ್ನಡದಲ್ಲಿ ಬರೆದು ಪ್ರಕಟಿಸುತ್ತೇವೆಂದರೆ ನಮಗೂ ಅಡ್ಡಿಯಿಲ್ಲ.

ಅರ್ಧ ಬೆಂದ ನಿಯಮವನ್ನು ಹೊರಗೆ ಹಾಕಿದರೆ ಬರೆದವರ ಶ್ರಮಕ್ಕೆ ಅನ್ಯಾಯವಾಗುತ್ತದೆ, ಏಕೆಂದರೆ ಅದು ನಾಳೆ ಬದಲಾಗುವಂಥದ್ದು. ಅಚ್ಚಾದ ಪುಸ್ತಕವನ್ನು ಕದ್ದು ಹಂಚಿದರೆ ಅದು ಕಳ್ಳತನವೇ. ಆದರೆ ಇತರರ ಅನ್ನಕ್ಕೆ ಸಂಬಂಧಿಸಿದ ಷರತ್ತನ್ನು ಅವರಿಂದಲೇ ಮುಚ್ಚಿಟ್ಟಾಗ, ಅದನ್ನು ಹೊರಗೆ ತಂದವರನ್ನು ಮೊದಲ ಎರಡು ಸಾಲಿನಲ್ಲಿ ನಿಲ್ಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಕರಾರುಪತ್ರಕ್ಕೆ ಈ ಮೂರರ ನಡುವೆ ಭೇದ ಗೊತ್ತಾಗುವುದಿಲ್ಲ. ಸಹಿ ಹಾಕುವ ನಮಗೆ ಗೊತ್ತಿರಬೇಕು.

ಅಂದಹಾಗೆ, ಆಟಕ್ಕೆ ಐವತ್ತು ತುಂಬಿದ 2024ರಲ್ಲಿ ಕಂಪನಿ ಒಂದು ದೊಡ್ಡ ಚರಿತ್ರೆಯ ಗ್ರಂಥವನ್ನು ತಂದಿತು. ಗೈಗ್ಯಾಕ್ಸ್ ಗೆಳೆಯರಿಗೆ ಹಂಚಿದ 1973ರ ಆ ಕರಡೂ ಅದರಲ್ಲಿ ಅಚ್ಚಾಗಿದೆ.