ಸೂಕ್ಷ್ಮಪಾಚಿ ಬಣ್ಣಗಳು ಮತ್ತು ಹಲಾಲ್ ಆಹಾರ

ಸೂಕ್ಷ್ಮಪಾಚಿ ಬಣ್ಣಗಳೆಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿಂದ ತೆಗೆಯುವ ಆಹಾರ ವರ್ಣದ್ರವ್ಯಗಳು. ಸ್ಪಿರುಲಿನಾದ ನೀಲಿ ಫೈಕೋಸಯನಿನ್, ಡುನಾಲಿಯೆಲ್ಲಾದ ಕಿತ್ತಳೆ ಬೀಟಾ ಕ್ಯಾರೋಟಿನ್ ಇವುಗಳಲ್ಲಿ ಮುಖ್ಯವಾದವು. ಸ್ಪಿರುಲಿನಾ ಜೀವಶಾಸ್ತ್ರದ ಪ್ರಕಾರ ಬ್ಯಾಕ್ಟೀರಿಯಾ, ವಾಡಿಕೆಯಲ್ಲಿ ಪಾಚಿ.

ಆಹಾರವಾಗಿ
ಮೆಕ್ಸಿಕೋದ ಟೆಕ್ಸ್‌ಕೋಕೋ ಸರೋವರದ ಪಾಚಿಯನ್ನು ಅಜ್‌ಟೆಕ್ ಜನ ಸೋಸಿ, ಒಣಗಿಸಿ ತಿನ್ನುತ್ತಿದ್ದುದನ್ನು 16ನೆಯ ಶತಮಾನದ ಸ್ಪೇನಿನವರು ಬರೆದಿಟ್ಟಿದ್ದಾರೆ. ಆಫ್ರಿಕಾದ ಚಾಡ್ ದೇಶದ ಕನೆಂಬು ಮುಸ್ಲಿಮರಲ್ಲಿ ಹೆಂಗಸರು ಸ್ಪಿರುಲಿನಾವನ್ನು ಮರಳಿನ ಮೇಲೆ ಹರಡಿ ಒಣಗಿಸಿ ‘ದಿಹೆ’ ಎಂಬ ಬಿಲ್ಲೆ ಮಾಡುತ್ತಾರೆ. ಅದನ್ನು ಹಾಕಿ ಮಾಡಿದ ಸಾರು ಧಾನ್ಯದ ಮುದ್ದೆಗೆ ಜೊತೆ. ಹಲಾಲ್ (ಇಸ್ಲಾಮಿನಲ್ಲಿ ಅನುಮತಿಸಿದ್ದು) ಎಂಬ ಪ್ರಮಾಣಪತ್ರದ ವ್ಯವಸ್ಥೆ ಬಂದದ್ದು ಇದಕ್ಕಿಂತ ಬಹಳ ಈಚೆಗೆ.

ಬಣ್ಣವಾಗಿ
ಒಣ ಸ್ಪಿರುಲಿನಾ ಪುಡಿ ಕಡುಹಸಿರು. ನೀರಲ್ಲಿ ನೆನೆಹಾಕಿದರೆ ಫೈಕೋಸಯನಿನ್ ಬಿಟ್ಟುಕೊಂಡು ನೀರು ನೀಲಿಯಾಗುತ್ತದೆ. ನೀರಿಗೆ ಕರಗದ ಪತ್ರಹರಿತ್ತು ಗಷ್ಟಿನಲ್ಲೇ ಉಳಿಯುತ್ತದೆ. ಈ ನೀಲಿಯನ್ನು ಜಪಾನಿನ ಡೈನಿಪ್ಪಾನ್ ಇಂಕ್ ಕಂಪನಿ ‘ಲಿನಾಬ್ಲೂ’ ಹೆಸರಿನಲ್ಲಿ ಮಾರಿತು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಉಪ್ಪುನೀರಿನ ಕೊಳಗಳಲ್ಲಿ ಡುನಾಲಿಯೆಲ್ಲಾ ಕೃಷಿ ಉದ್ಯಮವಾಯಿತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಈ ಎರಡೂ ಪಾಚಿಗಳ ಕೃಷಿಯ ಬಗ್ಗೆ ಸಂಶೋಧನೆ ನಡೆಸಿದೆ. ಅಮೆರಿಕ 2013ರಲ್ಲಿ ಕ್ಯಾಂಡಿ, ಚ್ಯೂಯಿಂಗ್ ಗಮ್‌ಗಳಿಗೆ ಸ್ಪಿರುಲಿನಾ ನೀಲಿಯನ್ನು ಒಪ್ಪಿತು; 2025ರಲ್ಲಿ ಗಾಲ್ಡಿಯೇರಿಯಾ ಪಾಚಿಯ ನೀಲಿಗೂ ಅನುಮತಿ ಸಿಕ್ಕಿತು.

ಹಲಾಲ್ ಪ್ರಶ್ನೆ
ಕೆಂಪು ಬಣ್ಣವಾದ ಕಾರ್ಮೈನ್ ಕೊಚಿನೀಲ್ ಕೀಟದಿಂದ ಬರುವುದರಿಂದ ಅದರ ಬಗ್ಗೆ ಧರ್ಮಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಇಂಡೋನೇಷ್ಯಾದ ಉಲೇಮಾ ಮಂಡಳಿ 2011ರ ಫತ್ವಾದಲ್ಲಿ ಅದನ್ನು ಹಲಾಲ್ ಎಂದಿತು. ಕೀಟಗಳನ್ನು ನಿಷಿದ್ಧವೆಂದು ಕಾಣುವ ಹನಫಿ ಪಂಥದ ಹಲವರು ಒಪ್ಪುವುದಿಲ್ಲ. ಆದರೆ ಅಮಲೇರಿಸದ, ಅಪಾಯವಿಲ್ಲದ ಸಸ್ಯಮೂಲದ ಆಹಾರಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್‌ನ 1997ರ ಹಲಾಲ್ ಮಾರ್ಗಸೂಚಿಯ ಅಡ್ಡಿಯಿಲ್ಲ. ಹೀಗಾಗಿ ಪಾಚಿಯ ಮೂಲದ ಬಗ್ಗೆ ತಕರಾರು ಕಡಿಮೆ. ಅನುಮಾನ ಹುಟ್ಟುವುದು ಸಂಸ್ಕರಣೆಯಲ್ಲಿ.

ಬೀಟಾ ಕ್ಯಾರೋಟಿನ್ ನೀರಿಗೆ ಬೆರೆಯುವುದಿಲ್ಲ. ಶರಬತ್ತಿಗೆ ಬಳಸಬೇಕಾದರೆ ಅದರ ನುಣ್ಣನೆಯ ಕಣಗಳಿಗೆ ಜೆಲಟಿನ್ ಲೇಪ ಕೊಡುವುದುಂಟು. ಜೆಲಟಿನ್ ಹಂದಿಯದಾದರೆ ಬಣ್ಣ ಹಲಾಲ್ ಆಗದು. ಆದ್ದರಿಂದ ಅರಬಿ ಗೋಂದು, ಮಾರ್ಪಡಿಸಿದ ಪಿಷ್ಟಗಳು ಅದರ ಜಾಗಕ್ಕೆ ಬಂದಿವೆ. ದ್ರಾವಕವಾಗಿ ಆಲ್ಕೋಹಾಲ್ ಬಳಸಿದ್ದರೆ ಅದಕ್ಕೂ ಲೆಕ್ಕ ಕೊಡಬೇಕು. ಬರೀ ನೀರಿನಲ್ಲಿ ತೆಗೆಯಬಹುದಾದ ಫೈಕೋಸಯನಿನ್‌ಗೆ ಈ ತೊಡಕಿಲ್ಲ. ಆದರೆ ಬಿಸಿಗೂ ಹುಳಿಗೂ ಅದು ಬೇಗ ಕೆಡುವುದರಿಂದ ಐಸ್‌ಕ್ರೀಮ್, ಮಿಠಾಯಿಗಳಲ್ಲೇ ಬಳಕೆ ಹೆಚ್ಚು.

ಇಂಡೋನೇಷ್ಯಾ 2014ರ ಕಾನೂನಿನಿಂದ ಹಲಾಲ್ ಪ್ರಮಾಣೀಕರಣವನ್ನು ಕಡ್ಡಾಯಗೊಳಿಸುವ ದಾರಿ ಹಿಡಿಯಿತು. ಇಂಥ ಪ್ರಮಾಣೀಕರಣದ ತಪಾಸಣೆಯಲ್ಲಿ ದ್ರಾವಕ, ಲೇಪ, ತಯಾರಿಕೆಯ ಪಾತ್ರೆ ಎಲ್ಲಕ್ಕೂ ದಾಖಲೆ ಬೇಕು.