ಮುಂಬೈ ತಬೇಲಾ ಸೇರಿದ ಮುರ್ರಾ ಎಮ್ಮೆ ವಾಪಸ್ ಹೋಗುವುದು ಅಪರೂಪ: ಹಾಲಿನ ಲೆಕ್ಕದಲ್ಲಿ ಕಳೆದುಹೋಗುತ್ತಿರುವ ತಳಿ

ಮುಂಬೈ: 2023ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಎಮ್ಮೆ ಹಾಲಿನ ಸಗಟು ದರ ಲೀಟರ್‌ಗೆ 80 ರೂಪಾಯಿಯಿಂದ 85 ರೂಪಾಯಿಗೆ ಏರಿತು. ಹಾಲು ಉತ್ಪಾದಕರ ಸಂಘ ಕೊಟ್ಟ ಮುಖ್ಯ ಕಾರಣ ಮೇವಿನ ಬೆಲೆ. ಕಡಲೆ ಹೊಟ್ಟು, ತೊಗರಿ ನುಚ್ಚು, ಹಿಂಡಿ, ಒಣಹುಲ್ಲು ಎಲ್ಲವೂ ದುಬಾರಿಯಾಗಿದೆ ಎಂದು ಸಂಘ ಹೇಳಿತ್ತು. ಮಾಟುಂಗಾದ ಉಡುಪಿ ಹೋಟೆಲ್‌ನ ಕಾಫಿಯಿಂದ ಹಿಡಿದು ಜೋಗೇಶ್ವರಿಯ ಟೀ ಅಂಗಡಿವರೆಗೆ ಇದರ ಬಿಸಿ ತಟ್ಟಿತು.

ಹಾಲಿನ ದರ ಏರಿದಾಗ ನಾವೆಲ್ಲ ಕೇಳುವುದು 'ಲೀಟರ್‌ಗೆ ಎಷ್ಟು?' ಎಂದು. ಪಶುವಿಜ್ಞಾನಿಗಳ ಪ್ರಶ್ನೆ ಬೇರೆ. ಎಮ್ಮೆ ತಿಂದ ಒಂದು ಕಿಲೋ ಮೇವಿನಲ್ಲಿ ಹಾಲಾಗಿದ್ದೆಷ್ಟು? ಒಂದೇ ಕೊಟ್ಟಿಗೆ, ಒಂದೇ ಮೇವು ಇದ್ದರೂ ಒಂದು ಎಮ್ಮೆ ಹೆಚ್ಚು, ಇನ್ನೊಂದು ಕಡಿಮೆ ಹಾಲು ಕೊಡುವುದೇಕೆ? ಆ ಗುಣ ಮಗಳಿಗೂ ಬರುತ್ತದೆಯೇ? ಮುಂಬೈಗೆ ಈ ಕೊನೆಯ ಪ್ರಶ್ನೆ ತುಸು ಮುಜುಗರದ್ದು. ಯಾಕೆಂದರೆ ಇಲ್ಲಿನ ತಬೇಲಾಗಳಲ್ಲಿ ಎಮ್ಮೆಯ ಮಗಳು ಬೆಳೆದು ದೊಡ್ಡದಾಗುವುದೇ ಕಡಿಮೆ.

ಏನಿದು ಮೇವಿನ ದಕ್ಷತೆ?

ಎರಡು ಎಮ್ಮೆಗಳಿವೆ ಎಂದುಕೊಳ್ಳಿ. ಎರಡೂ ದಿನಕ್ಕೆ 10 ಲೀಟರ್ ಹಾಲು ಕೊಡುತ್ತವೆ. ನೀರಿನಂಶ ಕಳೆದು ಲೆಕ್ಕ ಹಾಕಿದರೆ ಒಂದು 15 ಕಿಲೋ ಮೇವು ತಿನ್ನುತ್ತದೆ, ಇನ್ನೊಂದಕ್ಕೆ 13 ಕಿಲೋ ಸಾಕು. ಹಾಲು ಅಳೆದು ನೋಡಿದರೆ ಎರಡೂ ಒಂದೇ. ಆದರೆ 300 ದಿನಗಳಲ್ಲಿ ಎರಡನೆಯದು 600 ಕಿಲೋ ಮೇವು ಉಳಿಸಿರುತ್ತದೆ. ಈ ವ್ಯತ್ಯಾಸವೇ ಮೇವಿನ ದಕ್ಷತೆ.

ತೊಂದರೆ ಇರುವುದು ಇದನ್ನು ಅಳೆಯುವುದರಲ್ಲಿ. ಹಾಲನ್ನು ಎಲ್ಲ ತಬೇಲಾಗಳಲ್ಲೂ ಎರಡು ಹೊತ್ತು ಅಳೆಯುತ್ತಾರೆ. ಆದರೆ ಯಾವ ಎಮ್ಮೆ ಎಷ್ಟು ತಿಂದಿತು, ಗೋದಲಿಯಲ್ಲಿ ಎಷ್ಟು ಬಿಟ್ಟಿತು ಎಂದು ದಿನವೂ ತೂಕ ಹಾಕುವವರು ಸಂಶೋಧನಾ ಕೇಂದ್ರದವರು ಮಾತ್ರ.

ಇನ್ನು ತಿಂದದ್ದೆಲ್ಲ ಹಾಲಾಗುವುದೂ ಇಲ್ಲ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಗೆ ನಾಲ್ಕು ಭಾಗ. ಮೊದಲನೆಯದಾದ ರೂಮೆನ್ ಒಂದು ದೊಡ್ಡ ಹುದುಗು ತೊಟ್ಟಿ ಇದ್ದಂತೆ. ಹುಲ್ಲಿನ ನಾರನ್ನು ಒಡೆಯುವುದು ಎಮ್ಮೆಯಲ್ಲ, ಅದರೊಳಗಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಅವು ನಾರನ್ನು ಹುಳಿಯಾಗಿಸಿ ಬಿಡುಗಡೆ ಮಾಡುವ ಆಮ್ಲಗಳೇ ಎಮ್ಮೆಗೆ ಶಕ್ತಿಯ ಮೂಲ. ಈ ಕೆಲಸದಲ್ಲಿ ಉಳಿಯುವ ಜಲಜನಕವನ್ನು ಬೇರೊಂದು ಬಗೆಯ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವಾಗಿ ಪರಿವರ್ತಿಸುತ್ತವೆ. ಆ ಅನಿಲದ ಬಹುಪಾಲು ಹೊರಬರುವುದು ಬಾಯಿಂದ, ತೇಗಿನ ರೂಪದಲ್ಲಿ. ಹಲವರು ಅಂದುಕೊಂಡಂತೆ ಹಿಂಬದಿಯಿಂದಲ್ಲ! ಮೇವಿನ ಒಟ್ಟು ಶಕ್ತಿಯಲ್ಲಿ ಶೇ 2ರಿಂದ 12ರಷ್ಟು ಹೀಗೆ ಗಾಳಿಗೆ ಹೋಗುತ್ತದೆ. ಅಂದರೆ ತಬೇಲಾ ಮಾಲೀಕ ದುಡ್ಡು ಕೊಟ್ಟು ತಂದ ಹಿಂಡಿಯ ಒಂದು ಪಾಲು ಹಾಲೂ ಆಗುವುದಿಲ್ಲ, ಸಗಣಿಯೂ ಆಗುವುದಿಲ್ಲ.

ಈ ಸೋರಿಕೆ ತಡೆಯುವ ಒಂದು ಪ್ರಯತ್ನ ನಡೆದಿದ್ದು ನಮ್ಮ ಬೆಂಗಳೂರಿನಲ್ಲೇ. ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ 'ಹರಿತ್ ಧಾರಾ' ಎಂಬ ಪೂರಕ ಆಹಾರವನ್ನು ರೂಪಿಸಿದೆ. ಒಗರು ಅಂಶ, ಅಂದರೆ ಟ್ಯಾನಿನ್ ಹೆಚ್ಚಿರುವ ಸಸ್ಯಮೂಲಗಳಿಂದ ಇದನ್ನು ತಯಾರಿಸಲಾಗುತ್ತದೆ. ಮೇವಿನ ಜತೆ ಕೊಟ್ಟರೆ ಮೀಥೇನ್ ಶೇ 17ರಿಂದ 20ರಷ್ಟು ಇಳಿಯುತ್ತದೆ ಎನ್ನುವುದು ಸಂಸ್ಥೆಯ ಲೆಕ್ಕ. ಅಂದಹಾಗೆ, ಹೈನುಗಾರಿಕೆ ಪಾಠಕ್ಕೆ ಬೆಂಗಳೂರು ಹಳೆಯ ಊರು. 1927ರಲ್ಲಿ ಗಾಂಧೀಜಿ ಇಲ್ಲಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ದನ ಸಾಕಣೆ ಬಗ್ಗೆ ಕಲಿತಿದ್ದರು. ಮುಂದೆ ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಕೂಡ ಅಮೆರಿಕಕ್ಕೆ ಹೋಗುವ ಮುನ್ನ ತರಬೇತಿ ಪಡೆದಿದ್ದು ಅಲ್ಲೇ.

ಊರು ಬಿಟ್ಟ ಎಮ್ಮೆಗಳ ಕಥೆ

ಇನ್ನು ಮುಂಬೈಗೆ ಬರೋಣ. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ನಗರದ ಒಳಗೇ, ಜನವಸತಿ ನಡುವೆಯೇ ತಬೇಲಾಗಳಿದ್ದವು. ಇಕ್ಕಟ್ಟು, ಗಲೀಜು, ನೀರು ಬೆರೆಸಿದ ಹಾಲು ಎಂಬ ದೂರುಗಳು ಸಾಮಾನ್ಯವಾಗಿದ್ದವು. ಆಗ ಹಾಲು ಆಯುಕ್ತರಾಗಿದ್ದ ದಾರಾ ಖುರೋಡಿ, ಎಮ್ಮೆಗಳನ್ನು ಗೋರೆಗಾಂವ್‌ನ ಕಾಡಂಚಿಗೆ ಸಾಗಿಸುವ ಯೋಜನೆ ಮಾಡಿದರು. 1949ರಲ್ಲಿ ಆರೆ ಮಿಲ್ಕ್ ಕಾಲೊನಿ ಹುಟ್ಟಿಕೊಂಡಿದ್ದು ಹೀಗೆ. 1951ರಲ್ಲಿ ಜವಾಹರಲಾಲ್ ನೆಹರೂ ಇಲ್ಲಿ ಸಸಿ ನೆಟ್ಟಿದ್ದರು. ಸುಮಾರು 1,287 ಹೆಕ್ಟೇರ್ ಜಾಗ, 32 ಘಟಕ, ಸುಮಾರು 16 ಸಾವಿರ ಎಮ್ಮೆಗಳು. ಎಮ್ಮೆ ಮಾಲೀಕನದ್ದು, ಕೊಟ್ಟಿಗೆ ಸರ್ಕಾರದ್ದು. ಕೊಟ್ಟಿಗೆ ತೊಳೆದ ನೀರಿನಲ್ಲೇ ಪ್ಯಾರಾ ಹುಲ್ಲು ಬೆಳೆದು ಅದನ್ನೇ ಮತ್ತೆ ಎಮ್ಮೆಗೆ ಹಾಕುವ ವ್ಯವಸ್ಥೆಯೂ ಇತ್ತು. 1963ರಲ್ಲಿ ಖುರೋಡಿ ಅವರು ಕುರಿಯನ್ ಮತ್ತು ತ್ರಿಭುವನದಾಸ್ ಪಟೇಲ್ ಜತೆ ಮ್ಯಾಗ್ಸೆಸೆ ಪ್ರಶಸ್ತಿ ಹಂಚಿಕೊಂಡರು. ಇಂದಿನ ತಲೆಮಾರಿಗೆ ಆರೆ ಎಂದರೆ ಮೆಟ್ರೊ ಕಾರ್‌ಶೆಡ್ ಜಗಳ, ಚಿರತೆ ವಿಡಿಯೊ ಅಷ್ಟೇ. ಅಲ್ಲಿ ಎಮ್ಮೆಗಳೂ ಇವೆ ಎಂಬುದು ಮರೆತೇ ಹೋಗಿದೆ.

ಜಾಗ ಬದಲಾಯಿತು, ಸ್ವಚ್ಛತೆ ಸುಧಾರಿಸಿತು. ಆದರೆ ವ್ಯವಹಾರದ ರೀತಿ ಬದಲಾಗಲಿಲ್ಲ.

ಮುಂಬೈ ತಬೇಲಾಗಳಿಗೆ ಹರಿಯಾಣದ ಮುರ್ರಾ, ಗುಜರಾತಿನ ಮೆಹಸಾನಾ, ಜಾಫರಾಬಾದಿ ಎಮ್ಮೆಗಳು ಬರುತ್ತವೆ. ಆಗಷ್ಟೇ ಕರು ಹಾಕಿದ, ಹೆಚ್ಚು ಹಾಲು ಕರೆಯುವ ಎಮ್ಮೆಗೇ ಬೇಡಿಕೆ. ಹತ್ತು ತಿಂಗಳ ಆಸುಪಾಸು ಹಾಲು ಕರೆದು, ಹಾಲು ಬತ್ತಿದ ಮೇಲೆ ಮಾರಿಬಿಡುವುದು ಇಲ್ಲಿನ ಹಳೆಯ ಪದ್ಧತಿ. ಕೆಲವನ್ನು ಮತ್ತೆ ಗಬ್ಬ ಕಟ್ಟಿಸಲು ಹಳ್ಳಿಗೆ ಕಳಿಸುವುದುಂಟು. ಹೆಚ್ಚಿನವು ಕಸಾಯಿಖಾನೆಗೆ ಹೋಗುತ್ತವೆ. ಮಹಾರಾಷ್ಟ್ರದ 2015ರ ಗೋಹತ್ಯೆ ನಿಷೇಧ ಕಾಯ್ದೆ ಹಸು, ಹೋರಿ, ಎತ್ತುಗಳಿಗೆ ಅನ್ವಯವೇ ಹೊರತು ಎಮ್ಮೆಗಲ್ಲ.

ಮಾಲೀಕನನ್ನು ದೂರುವುದು ಸುಲಭ. ಅವನ ಲೆಕ್ಕವನ್ನೂ ನೋಡಬೇಕು. ಎಮ್ಮೆಯ ಗರ್ಭಕಾಲ ಹತ್ತು ತಿಂಗಳಿಗೂ ಹೆಚ್ಚು. ಬೇಸಿಗೆಯಲ್ಲಿ ಎಮ್ಮೆ ಬೆದೆಗೆ ಬಂದಿದ್ದು ಗೊತ್ತೇ ಆಗುವುದಿಲ್ಲ, ಅದರ ಲಕ್ಷಣಗಳು ಅಷ್ಟು ಸೂಕ್ಷ್ಮ. ಗಬ್ಬದ ಕೊನೆಯ ಎರಡು ತಿಂಗಳು ಹಾಲಿಲ್ಲದಿದ್ದರೂ ಮೇವು ಹಾಕಲೇಬೇಕು. ಮುಂಬೈಯಲ್ಲಿ ಕೊಂಡು ತಂದ ಮೇವು, ಮುಂಬೈಯ ನೆಲದಲ್ಲಿ ಒಂದು ಎಮ್ಮೆಯ ಜಾಗ, ಇವೆರಡನ್ನೂ ಕೂಡಿಸಿದರೆ ಹಾಲಿಲ್ಲದ ಎಮ್ಮೆ ಸಾಕುವುದಕ್ಕಿಂತ ಹೊಸದನ್ನು ತರುವುದೇ ಅಗ್ಗ. ಕರುವಿನ ಪಾಡೂ ಅಷ್ಟೇ. ಅದು ಕುಡಿಯುವ ಒಂದೊಂದು ಲೀಟರ್‌ಗೂ ಮಾರುಕಟ್ಟೆಯಲ್ಲಿ ಬೆಲೆ ಇದೆ.

ದಿನದ ಲೆಕ್ಕದಲ್ಲಿ ತಬೇಲಾದ ಎಮ್ಮೆ ಬಹಳ ದಕ್ಷ. ಜೀವಮಾನದ ಲೆಕ್ಕ ಹಾಕಿದರೆ ಚಿತ್ರ ತಿರುಗುತ್ತದೆ. ಎಮ್ಮೆ ಮಣಕ ಮೊದಲ ಕರು ಹಾಕಲು ಮೂರೂವರೆಯಿಂದ ನಾಲ್ಕು ವರ್ಷ ಬೇಕು. ಅಲ್ಲಿವರೆಗೆ ಒಂದು ಹನಿ ಹಾಲೂ ಕೊಡದೆ ತಿಂದಿರುತ್ತದೆ. ಅದನ್ನು ಹಾಕಿದವನು ರೋಹ್ಟಕ್‌ನಲ್ಲೋ ಮೆಹಸಾನಾದಲ್ಲೋ ಇರುವ ರೈತ. ಎಮ್ಮೆ ಐದು ಸೂಲು ಕರೆದರೆ ಆ ನಾಲ್ಕು ವರ್ಷದ ಮೇವಿನ ಖರ್ಚು ಐದು ಸೂಲಿಗೆ ಹಂಚಿಹೋಗುತ್ತದೆ. ಎರಡನೇ ಸೂಲಿಗೇ ಅದರ ಬದುಕು ಮುಗಿದರೆ ಅಷ್ಟೂ ಖರ್ಚು ಎರಡರ ಮೇಲೆಯೇ ಬೀಳುತ್ತದೆ.

ಇನ್ನೂ ದೊಡ್ಡ ನಷ್ಟ ವಂಶದ್ದು. ಊರಿನಲ್ಲಿ ಯಾವ ಎಮ್ಮೆ ಚೆನ್ನಾಗಿ ಕರೆಯುತ್ತದೋ ಅದನ್ನೇ ವ್ಯಾಪಾರಿ ಮೊದಲು ಕೊಳ್ಳುವುದು. ಹಿಂದಿನ ಸೂಲಿನ ಕರು ಊರಲ್ಲಿ ಉಳಿದಿದ್ದರೆ ಅಷ್ಟರ ಮಟ್ಟಿಗೆ ತಳಿ ಉಳಿದೀತು. ಇಲ್ಲದಿದ್ದರೆ ಆ ಗುಣ ಮುಂಬೈಯಲ್ಲೇ ಕೊನೆ. ತಳಿ ಸುಧಾರಣೆ ಎಂದರೆ ಉತ್ತಮವಾದದ್ದನ್ನು ಆರಿಸಿ ಅದರ ಸಂತತಿ ಹೆಚ್ಚಿಸುವುದು. ಇಲ್ಲಿ ಆಯ್ಕೆಯೇನೋ ಪಕ್ಕಾ ನಡೆಯುತ್ತದೆ, ಆದರೆ ದಿಕ್ಕು ಉಲ್ಟಾ. 1970ರಲ್ಲಿ ಶುರುವಾದ 'ಆಪರೇಷನ್ ಫ್ಲಡ್' ಕ್ಷೀರಕ್ರಾಂತಿ ಯೋಜನೆಯ ಉದ್ದೇಶಗಳಲ್ಲಿ ಮಹಾನಗರಗಳ ಕೊಟ್ಟಿಗೆಗಳನ್ನು ಕಡಿಮೆ ಮಾಡುವುದೂ ಒಂದಾಗಿತ್ತು. ಎಮ್ಮೆ ಹಳ್ಳಿಯಲ್ಲಿರಲಿ, ಹಾಲು ಮಾತ್ರ ನಗರಕ್ಕೆ ಬರಲಿ ಎಂಬ ಯೋಚನೆ. ಪ್ಯಾಕೆಟ್ ಹಾಲು ಬಂತು, ಗೆದ್ದಿತು. ಆದರೂ ಕಣ್ಣೆದುರು ಕರೆದ ಗಟ್ಟಿ ಎಮ್ಮೆ ಹಾಲೇ ಬೇಕೆನ್ನುವ ಗಿರಾಕಿ ಮುಂಬೈಯಲ್ಲಿ ಇನ್ನೂ ಇದ್ದಾನೆ.

ಚಿಪ್‌ನಿಂದ ಏನು ಬದಲಾಗುತ್ತದೆ?

ಕೋಣ ಹಾಲು ಕೊಡುವುದಿಲ್ಲ. ಹಾಗಾಗಿ ಅದರಲ್ಲಿ ಒಳ್ಳೆಯ ಹಾಲಿನ ಗುಣವಿದೆಯೇ ಎಂದು ತಿಳಿಯಲು ಅದರ ಹೆಣ್ಣುಮಕ್ಕಳು ಹುಟ್ಟಿ, ಬೆಳೆದು, ಕರು ಹಾಕಿ, ಹಾಲು ಕೊಡುವವರೆಗೆ ಕಾಯಬೇಕು. ಎಮ್ಮೆಯಂಥ ನಿಧಾನದ ಪ್ರಾಣಿಯಲ್ಲಿ ಇದು ಹಲವು ವರ್ಷಗಳ ಕೆಲಸ. ಜಿನೋಮಿಕ್ ಚಿಪ್ ಈ ಕಾಯುವಿಕೆಯನ್ನು ಮೊಟಕುಗೊಳಿಸುತ್ತದೆ. ಕರು ಹುಟ್ಟಿದಾಗಲೇ ರಕ್ತ ಅಥವಾ ಕೂದಲಿನ ಬುಡದಿಂದ ಡಿಎನ್‌ಎ ತೆಗೆದು ಸಾವಿರಾರು ಗುರುತುಗಳನ್ನು ಒಟ್ಟಿಗೆ ಓದಿ ಅಂದಾಜು ಮಾಡಬಹುದು.

2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ದನಗಳಿಗಾಗಿ 'ಗೌ ಚಿಪ್', ಎಮ್ಮೆಗಳಿಗಾಗಿ 'ಮಹಿಷ್ ಚಿಪ್' ಬಿಡುಗಡೆ ಮಾಡಿದರು. ಎರಡು ಚಿಪ್ ಯಾಕೆ ಎಂದರೆ ಹಸುವಿಗೆ 60 ವರ್ಣತಂತು, ನಮ್ಮ ಎಮ್ಮೆಗೆ 50. ಒಂದರ ನಕ್ಷೆ ಇನ್ನೊಂದಕ್ಕೆ ಹೊಂದುವುದಿಲ್ಲ. ಹೆಣ್ಣು ಕರುವೇ ಹುಟ್ಟುವ ಸಾಧ್ಯತೆ ಹೆಚ್ಚಿಸುವ ಲಿಂಗ ವಿಂಗಡಿತ ವೀರ್ಯದ ದೇಶಿ ತಂತ್ರಜ್ಞಾನವನ್ನೂ ಅಂದೇ ಬಿಡುಗಡೆ ಮಾಡಲಾಯಿತು.

ಕೆನಡಾ ಇನ್ನೊಂದು ಹೆಜ್ಜೆ ಮುಂದಿದೆ. 2023ರಿಂದ ಅಲ್ಲಿ ಹೋಲ್‌ಸ್ಟೀನ್ ಹೋರಿಗಳಿಗೆ 'ಇದರ ಮಕ್ಕಳು ಎಷ್ಟು ಕಡಿಮೆ ಮೀಥೇನ್ ಬಿಡುತ್ತವೆ' ಎಂಬ ಅಂಕವನ್ನೂ ಕೊಡಲಾಗುತ್ತಿದೆ.

ಚಿಪ್ ತಾನಾಗಿಯೇ ಏನನ್ನೂ ಹೇಳುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಈ ಡಿಎನ್‌ಎ ಗುರುತು ಇರುವ ಎಮ್ಮೆ ಇಷ್ಟು ಹಾಲು ಕೊಟ್ಟಿತು, ಇಷ್ಟು ಮೇವು ತಿಂದಿತು ಎಂಬ ಸಾವಿರಾರು ದಾಖಲೆಗಳಿದ್ದರೆ ಮಾತ್ರ ಅದಕ್ಕೆ ಬೆಲೆ. ಜತೆಗೆ, ಹಾಲನ್ನೊಂದೇ ನೋಡಿ ಆರಿಸಿದರೆ ಸಾಲದು. ನಮ್ಮ ಧಾರವಾಡಿ ಎಮ್ಮೆಯನ್ನೇ ನೋಡಿ. ಹಾಲಿನ ಪ್ರಮಾಣದಲ್ಲಿ ಅದು ಮುರ್ರಾಕ್ಕೆ ಸಾಟಿಯಲ್ಲ. ಆದರೆ ಉತ್ತರ ಕರ್ನಾಟಕದ ಬಿಸಿಲಿಗೆ, ಒಣ ಜೋಳದ ದಂಟಿಗೆ ಒಗ್ಗಿಕೊಂಡಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಧ್ಯಯನದ ನಂತರ ಅದಕ್ಕೆ ಪ್ರತ್ಯೇಕ ತಳಿ ಎಂಬ ರಾಷ್ಟ್ರೀಯ ಮಾನ್ಯತೆಯೂ ಸಿಕ್ಕಿದೆ. ಕಡಿಮೆ ಮೇವಿನಲ್ಲಿ ಬದುಕುವ ಗುಣ ಯಾವ ಜೀನ್‌ಗಳಲ್ಲಿದೆ ಎಂದು ಹುಡುಕಲು ಇಂಥ ತಳಿಗಳೇ ಬೇಕು.

ಈಗ ದೇಶದಾದ್ಯಂತ ಜಾನುವಾರುಗಳ ಕಿವಿಗೆ 12 ಅಂಕಿಯ ಓಲೆ ಹಾಕಲಾಗುತ್ತಿದೆ. ಲಸಿಕೆ, ಗರ್ಭಧಾರಣೆ, ಹಾಲಿನ ಇಳುವರಿ ಎಲ್ಲವೂ ಆ ಸಂಖ್ಯೆಯಡಿ ದಾಖಲಾಗಬೇಕು. ಹರಿಯಾಣದಲ್ಲಿ ಓಲೆ ಹಾಕಿಸಿಕೊಂಡ ಎಮ್ಮೆ ಲಾರಿ ಹತ್ತಿ ಗೋರೆಗಾಂವ್‌ಗೆ ಬಂದರೆ, ಇಲ್ಲಿ ಅದು ಕೊಟ್ಟ ಹಾಲು ಅದೇ ಸಂಖ್ಯೆಗೆ ಸೇರಿದರೆ, ಅದರ ಅಪ್ಪ ಯಾವ ಕೋಣ, ಊರಲ್ಲಿ ಅದರ ಅಕ್ಕತಂಗಿಯರು ಎಲ್ಲಿದ್ದಾರೆ ಎಂದು ಹುಡುಕಬಹುದು. ಎಮ್ಮೆ ವಾಪಸ್ ಹೋಗದಿದ್ದರೂ ಮಾಹಿತಿ ವಾಪಸ್ ಹೋಗುತ್ತದೆ. ಸದ್ಯಕ್ಕೆ ತಬೇಲಾದ ಹಾಲಿನ ಲೆಕ್ಕ ಇರುವುದು ಮಾಲೀಕನ ನೋಟ್‌ಬುಕ್ಕಿನಲ್ಲಿ. ಎಮ್ಮೆ ಮಾರಾಟವಾದ ದಿನ ಆ ಸಾಲಿನ ಮೇಲೆ ಗೀಟು ಬೀಳುತ್ತದೆ.